ಗಾಂಜಾ ತುಪ್ಪ, ರೋಸ್ಟ್ ಕೋಳಿ ಮತ್ತು ನಾಲ್ಕು ಸಲ ಕೆಟ್ಟ ಊಟ

ಈ ಬಾರಿಯ ಥ್ಯಾಂಕ್ಸ್‌ಗಿವಿಂಗ್ ಸೋಮವಾರ ಕೆನಡಾದ ಮಿಸ್ಸಿಸ್ಸಾಗಾದ ನಮ್ಮ ಮನೆಯಲ್ಲಿ ಆರು ಮಂದಿ ಒಂದೇ ಕೋಳಿಯನ್ನು ಹಂಚಿಕೊಂಡು ಉಂಡೆವು. ಆರೂ ಮಂದಿಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಒಂದೇ ಹದದಲ್ಲಿ ಅಮಲು ಏರಿತು. ಯಾರೂ ಸೋಫಾದಲ್ಲಿ ಬೆವರುತ್ತಾ ಕೂರಲಿಲ್ಲ, ಯಾರೂ "ನನಗೇನೂ ಆಗಲಿಲ್ಲ" ಎಂದು ಗೊಣಗಲಿಲ್ಲ. ರೋಸ್ಟ್ ಕೋಳಿಯಲ್ಲಿ ಗಾಂಜಾದ ಅಳತೆ ನಿಲ್ಲುವುದಿಲ್ಲ, ಸುಮ್ಮನೆ ಬ್ರೌನಿ ಮಾಡಿಬಿಡಿ ಎಂದು ಎರಡು ವರ್ಷಗಳಿಂದ ಬುದ್ಧಿ ಹೇಳುತ್ತಿದ್ದ ಸ್ನೇಹಿತರೇ ಅಂದು ಮೇಜಿನ ಸುತ್ತ ಇದ್ದುದರಿಂದ ಈ ಬರಹವನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಸೋಲು ಎಲ್ಲರೂ ಮಾಡುವ ತಪ್ಪಿನಿಂದಲೇ ಆಯಿತು. ಸುಮಾರು ಎರಡು ಕಿಲೋ ತೂಕದ ಕೋಳಿಯ ಚರ್ಮದಡಿಯಲ್ಲಿ ಗಾಂಜಾ ಬೆಣ್ಣೆಯನ್ನು ಧಾರಾಳವಾಗಿ ಸವರಿ, 425 ಡಿಗ್ರಿ ಫ್ಯಾರನ್‌ಹೀಟ್‌ನ ಓವನ್‌ಗೆ ತಳ್ಳಿದೆ. ಬೆಣ್ಣೆಯಲ್ಲಿದ್ದ ಹಾಲಿನಂಶ ಕರಿಯಾಯಿತು, ಕೊಬ್ಬೆಲ್ಲ ಕರಗಿ ತಟ್ಟೆಗೆ ಇಳಿಯಿತು, ಅದರೊಡನೆ ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿಯೂ ಇಳಿಯಿತು. ಎದೆಯ ಭಾಗವನ್ನು ತಿಂದ ನನ್ನ ಹೆಂಡತಿಗೆ ಏನೂ ಆಗಲಿಲ್ಲ. ತಟ್ಟೆಯ ತಳದ ರಸವನ್ನು ಬ್ರೆಡ್ಡಿನಿಂದ ಒರೆಸಿ ತಿಂದ ನಾನು ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಎರಡನೆಯ ಸಲ ಹದಿನೆಂಟು ಡಾಲರ್ ಕೊಟ್ಟು ಮಾಂಸಕ್ಕೆ ಚುಚ್ಚುವ ಸಿರಿಂಜ್ ತಂದೆ. ಚುಚ್ಚಿದ ಕಡೆಯೆಲ್ಲ ಕೊಬ್ಬು ಮಡುಗಟ್ಟಿ ನಿಂತು, ಒಂದು ತುಂಡು ಬರಿಯ ಮಾಂಸ, ಪಕ್ಕದ ತುಂಡು ಮದ್ದಿನ ಗುಳಿಗೆ ಎಂಬಂತಾಯಿತು. ಮೂರನೆಯದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ: ಕೋಳಿಯನ್ನು ನೆನೆಸುವ ಉಪ್ಪುನೀರಿಗೇ ಗಾಂಜಾ ಹೂವನ್ನು ಹಾಕಿದ್ದೆ. ನೀರಿಗೆ ಟಿಎಚ್‌ಸಿ ಬಿಡುವುದಿಲ್ಲ ಎಂಬುದು ಗೊತ್ತಿದ್ದೂ ಏಕೆ ಹಾಗೆ ಮಾಡಿದೆನೋ ಇಂದಿಗೂ ತಿಳಿಯದು. ನಾಲ್ಕನೆಯ ಸಲ ಅಂಗಡಿಯ ಗಾಂಜಾ ಎಣ್ಣೆಯನ್ನು ಗ್ರೇವಿಯ ಪಾತ್ರೆಗೆ ಸುರಿದೆ. ಅದು ಮೇಲೆ ತೇಲಿತು, ಮೊದಲು ಸೌಟು ಹಾಕಿದ ಸ್ನೇಹಿತರಿಗೆ ಸಿಂಹಪಾಲು ಹೋಯಿತು. ಅವರು ಇಂದಿಗೂ ನಮ್ಮ ಮನೆಯಲ್ಲಿ ಮೊದಲು ಬಡಿಸಿಕೊಳ್ಳುವುದಿಲ್ಲ. ಈ ನಾಲ್ಕು ಪ್ರಯೋಗಗಳಲ್ಲಿ ಕೋಳಿ, ಹೂವು, ಎಣ್ಣೆ, ಸಿರಿಂಜ್ ಎಲ್ಲ ಸೇರಿ ಇನ್ನೂರು ಡಾಲರ್ ಹತ್ತಿರ ಕಳೆದಿದ್ದೇನೆ.

ಪರಿಹಾರ ಹೊಳೆದದ್ದು ಕೋಳಿಯ ಗೊಡವೆಯನ್ನೇ ಬಿಟ್ಟ ಮೇಲೆ. ಕೋಳಿಯನ್ನು ಎಂದಿನಂತೆ ಉಪ್ಪು, ಮೆಣಸು, ಬೆಳ್ಳುಳ್ಳಿ, ನಿಂಬೆಯೊಡನೆ ಸಾದಾ ರೋಸ್ಟ್ ಮಾಡುತ್ತೇನೆ. ತೊಡೆಯ ಒಳಭಾಗ 82 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಹೊರತೆಗೆದು ಇಪ್ಪತ್ತು ನಿಮಿಷ ಬಿಡುತ್ತೇನೆ. ತಟ್ಟೆಯ ರಸದಿಂದ ಗ್ರೇವಿ ಮಾಡಿ, ಅದನ್ನು ದೊಡ್ಡ ಪಾತ್ರೆಯಲ್ಲಿ ಬಡಿಸದೆ, ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಬಟ್ಟಲಿಗೆ ಹಾಕಿ, ಉರಿಯಿಂದ ದೂರದಲ್ಲಿ ಆಯಾ ಬಟ್ಟಲಿಗೆ ತೂಗಿದ ಗಾಂಜಾ ತುಪ್ಪವನ್ನು ಕೊಬ್ಬು ನೀರಿನೊಡನೆ ಬೆರೆಯುವಂತೆ ಮಾಡುವ ಲೆಸಿಥಿನ್‌ನ ಚಿಟಿಕೆಯೊಡನೆ ಕಲಕಿ ಕೊಡುತ್ತೇನೆ. ಇಷ್ಟೇ. ಬೇಡವೆಂದವರಿಗೆ ಸಾದಾ ಗ್ರೇವಿ, ಹೊಸಬರಿಗೆ ಒಂದು ಗ್ರಾಂ ತುಪ್ಪ, ಅಭ್ಯಾಸವಿದ್ದವರಿಗೆ ಎರಡು; ಯಾವ ಬಟ್ಟಲು ಯಾರದೆಂದು ಗುರುತಿರುತ್ತದೆ. ಚಿನ್ನದಂಗಡಿಯ ತಕ್ಕಡಿಯಂಥ ಪುಟ್ಟ ಡಿಜಿಟಲ್ ತಕ್ಕಡಿ ಹದಿನೈದು ಡಾಲರಿಗೆ ಸಿಗುತ್ತದೆ, ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಬೆಣ್ಣೆಯನ್ನು ಬಿಟ್ಟು ತುಪ್ಪಕ್ಕೆ ಬಂದದ್ದು ನನ್ನ ಸ್ವಂತ ಬುದ್ಧಿ ಎಂದು ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ತುಪ್ಪದಲ್ಲಿ ನೀರೂ ಇಲ್ಲ, ಹಾಲಿನ ಗಷ್ಟೂ ಇಲ್ಲ, ಸೀಯುವುದಿಲ್ಲ, ಬೇಗ ಕೆಡುವುದೂ ಇಲ್ಲ. ಶಿವರಾತ್ರಿಗೆ ಭಂಗಿಯನ್ನು ಬಾದಾಮಿ ಮತ್ತು ಗಟ್ಟಿ ಹಾಲಿನೊಡನೆ ಅರೆಯುತ್ತಿದ್ದವರಿಗೆ ಕೊಬ್ಬಿನ ಬೆಲೆ ಯಾವ ಪಾಠವೂ ಇಲ್ಲದೆ ತಿಳಿದಿತ್ತು. ಮೂರೂವರೆ ಗ್ರಾಂ ಹೂವನ್ನು 240 ಫ್ಯಾರನ್‌ಹೀಟ್‌ನಲ್ಲಿ ನಲವತ್ತು ನಿಮಿಷ ಡೀಕಾರ್ಬ್ ಮಾಡಿ, ಅಂದರೆ ಅಮಲಿನ ಅಂಶ ಕೆಲಸ ಮಾಡುವಂತೆ ಓವನ್‌ನಲ್ಲಿ ಬಿಸಿಮಾಡಿ, ಇನ್ನೂರು ಗ್ರಾಂ ತುಪ್ಪದೊಡನೆ ಗಾಜಿನ ಜಾಡಿಗೆ ಹಾಕಿ, ಕುದಿಯದ ಬಿಸಿನೀರಿನಲ್ಲಿ ಮೂರು ಗಂಟೆ ಇಡುತ್ತೇನೆ. ನಮ್ಮ ಓವನ್ ತೋರಿಸುವುದಕ್ಕಿಂತ ಇಪ್ಪತ್ತೈದು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂಬುದು ಒಂದು ಕಂತು ಹೂವು ಕಂದು ಬೂದಿಯಾದ ಮೇಲೆ ತಿಳಿಯಿತು. ಹತ್ತು ಡಾಲರಿನ ಥರ್ಮಾಮೀಟರ್ ಮೊದಲೇ ತಂದಿದ್ದರೆ ಮೂವತ್ತು ಡಾಲರ್ ಉಳಿಯುತ್ತಿತ್ತು. ತೆಳು ಪಂಚೆಬಟ್ಟೆಯಲ್ಲಿ ಸೋಸುವಾಗ ಹಿಂಡಬಾರದು, ಹಿಂಡಿದರೆ ಹುಲ್ಲಿನ ಘಾಟು ಬರುತ್ತದೆ. ಆ ಘಾಟನ್ನು ಪೂರ್ತಿ ತೆಗೆಯಲು ಜಾಡಿಗೆ ನಾನು ಹಾಕುವ ಇನ್ನೊಂದು ವಸ್ತುವಿದೆ, ನಮ್ಮ ಅಡುಗೆಮನೆಯದೇ, ಅದನ್ನು ಇಲ್ಲಿ ಹೇಳುವುದಿಲ್ಲ.

ಹೂವಿನ ಡಬ್ಬಿಯ ಮೇಲೆ ಒಟ್ಟು ಟಿಎಚ್‌ಸಿ ಶೇ. 20ರ ಆಸುಪಾಸು ಎಂದಿದ್ದರೆ ಲೆಕ್ಕಕ್ಕೆ ಏಳುನೂರು ಮಿಲಿಗ್ರಾಂ. ಸೋಸುವುದರಲ್ಲಿ, ಬಿಸಿಯಲ್ಲಿ ಹೋದದ್ದನ್ನು ಕಳೆದು ಐನೂರು ಎಂದು ಹಿಡಿಯುತ್ತೇನೆ, ಅಂದರೆ ಗ್ರಾಂ ತುಪ್ಪಕ್ಕೆ ಎರಡೂವರೆ ಮಿಲಿಗ್ರಾಂ. ಮನೆಯಲ್ಲಿ ಪ್ರಯೋಗಾಲಯವಿಲ್ಲದ ಕಾರಣ ಈ ಅಂದಾಜನ್ನು ಮೊದಲು ನನ್ನ ಮೇಲೆಯೇ ಪರೀಕ್ಷಿಸಿದೆ: ಒಂದು ಶನಿವಾರ ಅರ್ಧ ಗ್ರಾಂ, ಮುಂದಿನ ಶನಿವಾರ ಒಂದು ಗ್ರಾಂ. ಹಣದ ವಿಷಯಕ್ಕೆ ಬಂದರೆ, ಹೂವಿಗೆ ಇಪ್ಪತ್ತೆಂಟು, ತುಪ್ಪಕ್ಕೆ ಹತ್ತು ಹನ್ನೆರಡು ಡಾಲರ್. ಅಂಗಡಿಯ ತಿನಿಸಿನ ಪೊಟ್ಟಣದಲ್ಲಿ ಕಾನೂನಿನ ಪ್ರಕಾರ ಹತ್ತು ಮಿಲಿಗ್ರಾಂಗಿಂತ ಹೆಚ್ಚು ಇರುವಂತಿಲ್ಲ. ಆರು ಡಾಲರಿನ ಅಂಥ ಪೊಟ್ಟಣಗಳಲ್ಲಿ ಇದೇ ಐನೂರನ್ನು ಕೊಳ್ಳಹೊರಟರೆ ಮುನ್ನೂರು ಡಾಲರ್ ಆಗುತ್ತದೆ.

ಇದೇ ತುಪ್ಪದಲ್ಲಿ ಕುಂದಾಪುರದ ಘೀ ರೋಸ್ಟ್ ಮಾಡಿದರೆ ಹೇಗೆ ಎಂದು ಒಮ್ಮೆ ಹೊರಟೆ. ಬ್ಯಾಡಗಿ ಮೆಣಸಿನಕಾಯಿ, ಹುಣಸೆ, ಮೊಸರಿನ ನಡುವೆ ಗಾಂಜಾದ ಕಹಿ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ, ರುಚಿಯಲ್ಲಿ ರೋಸ್ಟ್ ಕೋಳಿಯನ್ನು ಮೀರಿಸಿತು. ಆದರೆ ಮಸಾಲೆ ತುಪ್ಪ ಬಿಡುವವರೆಗೆ ಹುರಿಯಬೇಕಾದ್ದರಿಂದ ಅಳತೆ ಮತ್ತೆ ಕೈಕೊಟ್ಟಿತು, ಬೆರಳು ನೆಕ್ಕಿದವರಿಗೆ ಹೆಚ್ಚು ಸಿಕ್ಕಿತು. ಆಲೂಗಡ್ಡೆ ಮ್ಯಾಶ್‌ಗೆ ಬೆರೆಸಿದ್ದು ಮಾತ್ರ ಗ್ರೇವಿಯಷ್ಟೇ ಚೆನ್ನಾಗಿ ಕೂತಿತು.

ಥ್ಯಾಂಕ್ಸ್‌ಗಿವಿಂಗ್ ದಿನ ಊಟ ಆರೂವರೆಗೆ. ಎಂಟರ ಹೊತ್ತಿಗೆ ಮಾತು ಮೆದುವಾಯಿತು. ಅಮಲು ಏರಲು ಕೆಲವರಿಗೆ ಎರಡು ಗಂಟೆ ಹಿಡಿಯಬಹುದಾದ್ದರಿಂದ, ಏನೂ ಆಗಲಿಲ್ಲವೆಂದು ಮತ್ತೊಂದು ಬಟ್ಟಲು ಕೇಳಿದರೆ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಕಾರಿನ ಕೀಲಿಗಳನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಿಸಿ, ಎಲ್ಲರಿಗೂ ಹಾಸಿಗೆ ಸಿದ್ಧಮಾಡಿದ್ದೆವು. ಮಕ್ಕಳು ಅಂದು ಬ್ರಾಂಪ್ಟನ್‌ನಲ್ಲಿರುವ ಚಿಕ್ಕಮ್ಮನ ಮನೆಯಲ್ಲಿದ್ದರು. ಇಲ್ಲಿ 2018ರಿಂದ ವಯಸ್ಕರು ಮನೆಯಲ್ಲಿ ಇಂಥ ಅಡುಗೆ ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಊರಿನಲ್ಲಿರುವವರು ಓದಿ ಬಿಟ್ಟುಬಿಡಬೇಕು, ಭಾರತದ ಮಾದಕವಸ್ತು ಕಾಯ್ದೆಯಾದ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಲ್ಲಿ ಹೂವನ್ನು ಇಟ್ಟುಕೊಳ್ಳುವುದೇ ಅಪರಾಧ.

ಉಳಿದ ತುಪ್ಪದ ಜಾಡಿ ಬೀಗವಿರುವ ಡಬ್ಬಿಯಲ್ಲಿದೆ. ಮುಂದಿನ ತಿಂಗಳು ಊರಿನಿಂದ ಅತ್ತೆ ಬರುವವರಿದ್ದಾರೆ, ತುಪ್ಪ ಕಂಡರೆ ಬಿಸಿ ಅನ್ನಕ್ಕೆ ಹಾಕಿಕೊಳ್ಳುವವರು. ಆದ್ದರಿಂದ ಜಾಡಿಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ "ಇದು ಊಟದ ತುಪ್ಪವಲ್ಲ" ಎಂದು ಬರೆದು, ಕೆಳಗೆ ತಾರೀಖು ಮತ್ತು ಅಳತೆಯನ್ನು ಹಾಕಿದ್ದೇನೆ.