ತಾಂಡಾಕ್ಕೆ ಹೋಗೋ ಮೊದಲು ನಿಮ್ಮ ಆಫೀಸಿನೊಳಗೆ ಯಾರ್‍ಯಾರಿದ್ದಾರೆ ನೋಡ್ಕೊಳ್ರಿ

ಕಲಬುರಗಿ ಕೋರ್ಟಿನ ಹತ್ತಿರ, ಮಹಡಿ ಮೇಲೆ ನಮ್ಮ ಆಫೀಸು. ಮೂವರು ಸೀನಿಯರ್‌ಗಳು, ಆರು ಜೂನಿಯರ್‌ಗಳು, ಇಬ್ಬರು ಗುಮಾಸ್ತರು, ಒಬ್ಬ ಟೈಪಿಸ್ಟ್. ಕೆಲವು ವರ್ಷದ ಹಿಂದೆ, ಜನರಿಗೂ ಏನಾದರೂ ಮಾಡೋಣ ಅಂತ ಚಿತ್ತಾಪುರ ಕಡೆಯ ಒಂದು ತಾಂಡಾದಲ್ಲಿ, ಅಂದರೆ ಲಂಬಾಣಿಗರ ಊರಲ್ಲಿ, ಕಾನೂನು ಶಿಬಿರ ಇಟ್ಟೆವು. ಕರಿಕೋಟಿನ ಐದು ಗಂಡಸರು, ನಾನೊಬ್ಬಳೇ ಹೆಂಗಸು, ಜೊತೆಗೆ ಆಫೀಸಿನ ಹೆಸರು ಬರೆಸಿದ ಎಂಟಡಿ ಬ್ಯಾನರು.

ಒಬ್ಬ ಮುದುಕಿ ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟು, ಲಂಬಾಣಿಯಲ್ಲಿ ಐದು ನಿಮಿಷ ಒಂದೇ ಸಮ ಹೇಳಿದಳು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗನನ್ನು ಕೇಳಿದೆವು. "ಏನಿಲ್ರೀ ಸರ್, ಪಿಂಚಣಿ ಬರವಲ್ದು ಅಂತಾಳ" ಅಂದ. ರಿಜಿಸ್ಟರಿನಲ್ಲಿ "ಪಿಂಚಣಿ" ಅಂತ ಬರೆದುಕೊಂಡು, ಫೋಟೊ ತೆಗೆಸಿಕೊಂಡು, ಮಂಡಕ್ಕಿ ಮಿರ್ಚಿ ತಿಂದು ವಾಪಸು ಬಂದೆವು.

ಆರು ತಿಂಗಳಾದ ಮೇಲೆ ಒಂದು ತಾಂಡಾದ ಹುಡುಗಿಯೇ ನಮ್ಮಲ್ಲಿ ಜೂನಿಯರ್ ಆಗಿ ಸೇರಿದಳು. ಪಿಂಚಣಿಯದು ಏನಾಯಿತು ನೋಡಿ ಬಾ ಅಂತ ಅವಳನ್ನು ಕಳಿಸಿದೆ. "ಯಾಡಿ" (ಲಂಬಾಣಿಯಲ್ಲಿ ಅವ್ವ) ಅಂತ ಕರೆದು ಮುದುಕಿಯ ಪಕ್ಕ ಕೂತಳಂತೆ. ಪಿಂಚಣಿ ತಿಂಗಳು ತಿಂಗಳು ಬರುತ್ತಲೇ ಇತ್ತು. ಗಂಡ ತೀರಿಕೊಂಡ ಮೇಲೆ ಹೊಲದ ವಾರಸಾ ಮಗ ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡಿದ್ದ. ಅವಳು ಅವತ್ತು ಹೇಳಿದ್ದೆಲ್ಲ ಅದೇ. ಅವಳ ತಕರಾರನ್ನು ನಾವು ಕೇಳಿದ್ದು, ಯಾರ ಮೇಲೆ ತಕರಾರಿತ್ತೋ ಅವನ ಬಾಯಿಂದ!

ಶಿಬಿರ ಮಾಡುವುದು ಹೇಗೆ ಅಂತ ಬೇರೆ ಆಫೀಸಿನವರು ನನ್ನನ್ನು ಕೇಳುತ್ತಾರೆ. ಅದಕ್ಕೇ ನಾನು ಶಾಮಿಯಾನದಿಂದ ಶುರು ಮಾಡುವುದಿಲ್ಲ, ಆಫೀಸಿನ ಕುರ್ಚಿಗಳಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಲಂಬಾಣಿ ಬಲ್ಲವರು ಎಷ್ಟು ಜನ? ಉರ್ದು ಓದುವವರು? ಹೆಂಗಸರೆಷ್ಟು? ಅವರಿಗೆ ಜೀವನಾಂಶದ ಫೈಲು ಬಿಟ್ಟು ಬೇರೆ ಏನಾದರೂ ಕೊಡುತ್ತೀರಾ? ಹೈಕೋರ್ಟ್ ಪೀಠ 2013ರಲ್ಲಿ ಇಲ್ಲಿ ಕಾಯಂ ಆದ ಮೇಲೆ ನಮ್ಮ ಕಡೆಯ ಆಫೀಸುಗಳಿಗೆ ಇಂಗ್ಲಿಷ್ ಡ್ರಾಫ್ಟಿಂಗಿನ ಗೀಳು ಹಿಡಿಯಿತು. ಸಂದರ್ಶನದಲ್ಲಿ ಸರಸರ ಇಂಗ್ಲಿಷ್ ಮಾತಾಡಿದವನಿಗೇ ಕುರ್ಚಿ. ನಾವು ಅದನ್ನು ಬಿಟ್ಟೆವು. ಈಗ ಸಂದರ್ಶನಕ್ಕೆ ಬಂದವರಿಗೆ ಕಕ್ಷಿದಾರ ಹೇಳಿದ ಹಾಗೇ ಹಿಂದುಮುಂದಾದ ಒಂದು ಕತೆ ಬರೆದು ಕೊಡುತ್ತೇವೆ. ಅದನ್ನು ತಾರೀಖುವಾರು ಜೋಡಿಸಿ, ಯಾವ ಕಾಗದ ಬೇಕು ಅಂತ ಕನ್ನಡದಲ್ಲೇ ಬರೆಯಬೇಕು. ಒಂದು ತಾಸಿನ ಕೆಲಸ. ಇಂಗ್ಲಿಷ್ ಆಮೇಲೆ ಕಲಿಸಬಹುದು, ತಲೆಯೊಳಗಿನ ಜೋಡಣೆ ಕಲಿಸುವುದು ಕಷ್ಟ.

ಇನ್ನು ದುಡ್ಡು. ಬಡವರ ಮನೆ ಹುಡುಗರು ವಕೀಲಿಗೆ ಬಂದು ಎರಡೇ ವರ್ಷಕ್ಕೆ ಬಿಟ್ಟು ಹೋಗುವುದು ಬುದ್ಧಿ ಸಾಲದೆ ಅಲ್ಲ, ರೂಮಿನ ಬಾಡಿಗೆ ಕಟ್ಟಲಾಗದೆ. ಸನದಿನ, ಅಂದರೆ ವಕೀಲರಾಗಿ ನೋಂದಾಯಿಸಿಕೊಳ್ಳುವ, ಖರ್ಚೇನೋ ಈಗ ತಗ್ಗಿದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ನೋಂದಣಿಗೆ ಸಾಮಾನ್ಯರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ತಿಂಗಳಿಗೆ ಪಟ್ಟಣದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿರಿ ಅಂತ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಕಡ್ಡಾಯವಲ್ಲ. ನಾವೂ ಆ ಮಟ್ಟ ಮುಟ್ಟಿಲ್ಲ, 10,000ದಿಂದ ಶುರು ಮಾಡಿದ್ದೇವೆ, ಆದರೆ ಒಂದನೇ ತಾರೀಖಿಗೆ ತಪ್ಪದೆ ಕೈಗೆ ಸೇರುತ್ತದೆ. "ನಮ್ಮ ಕಾಲದಾಗ ಸೀನಿಯರ್ ಚಹಾ ಕುಡಿಸಿದ್ರೆ ಅದೇ ಪಗಾರ" ಅನ್ನುವವರ ಹತ್ತಿರ ನಾನು ವಾದ ಮಾಡುವುದಿಲ್ಲ. ಅವರ ಮನೆಯಲ್ಲಿ ಹೊಲ ಇತ್ತು.

ಹೆಣ್ಣುಮಕ್ಕಳು ನಿಲ್ಲಬೇಕು ಅಂದರೆ ಬಾಗಿಲಿಗೆ ಒಳಚಿಲಕ ಇರುವ ಪಾಯಖಾನೆ ಬೇಕು. ಆರು ಗಂಟೆಗೆ ಊರಿನ ಬಸ್ಸು ಹಿಡಿಯಬೇಕಾದವಳನ್ನು ಎಂಟರವರೆಗೆ ಡಿಕ್ಟೇಶನ್‌ಗೆ ಕೂರಿಸಬಾರದು. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಇರುವ ಆಫೀಸಾದರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಇದನ್ನು ಕಾರ್ಖಾನೆಯವರಿಗೆಲ್ಲ ತಿಳಿಹೇಳುವ ನಾವು ನಮ್ಮಲ್ಲೇ ಮಾಡಿರಲಿಲ್ಲ. ಜೂನಿಯರ್ ಒಬ್ಬಳು ನೆನಪಿಸಿದ ಮೇಲೆ ಮಾಡಿದೆವು. ಮಹಡಿ ಮೆಟ್ಟಿಲ ಸಮಸ್ಯೆ ಇನ್ನೂ ಹಾಗೇ ಇದೆ. ಊರುಗೋಲು ಹಿಡಿದು ಬರುವ ಕಕ್ಷಿದಾರರಿಗಾಗಿ ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಒಂದು ಮೇಜು ಹಾಕಿದ್ದೇವೆ.

ನಾನು ಮಾಡಿದ ಇನ್ನೊಂದು ತಪ್ಪೂ ಹೇಳಿಬಿಡುತ್ತೇನೆ. ಉರ್ದು ಬಲ್ಲ ಹುಡುಗ ಸಿಕ್ಕ ಅಂತ ಖುಷಿಯಾಗಿ, ನಿಜಾಮನ ಕಾಲದ, ಉರ್ದುವಿನಲ್ಲಿ ಬರೆದ ಜಮೀನು ಕಾಗದಗಳನ್ನೆಲ್ಲ ಅವನ ಮುಂದೆ ಒಟ್ಟಿದೆ. ಎಂಟು ತಿಂಗಳಾದ ಮೇಲೆ "ಮೇಡಂ, ನಾ ವಕೀಲ ಆಗಾಕ ಬಂದೀನ್ರಿ, ತರ್ಜುಮೆ ಮಾಡಾಕ ಅಲ್ಲ" ಅಂದ. ಖರೇ ಮಾತು. ಈಗ ಭಾಷೆ ಗೊತ್ತು ಅಂತ ಯಾರನ್ನು ಕರೆದರೂ ಆ ಫೈಲಿನ ವಕಾಲತ್ತಿನಲ್ಲಿ ಅವರ ಹೆಸರೂ ಇರುತ್ತದೆ, ವಾದಕ್ಕೂ ಅವರೇ ಏಳುತ್ತಾರೆ.

ಈಗ ಶಿಬಿರದ ಮಾತು. ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಪತ್ರ ಕೊಟ್ಟು ಅವರ ಜೊತೆ ಸೇರಿಯೇ ಮಾಡಿರಿ. ನಿಮ್ಮ ಬ್ಯಾನರು ಬೇಡ, ವಿಸಿಟಿಂಗ್ ಕಾರ್ಡೂ ಬೇಡ. ವಕೀಲರು ಪ್ರಚಾರ ಮಾಡಿ ಕೇಸು ಹಿಡಿಯಬಾರದು ಅನ್ನುತ್ತದೆ ಪರಿಷತ್ತಿನ 36ನೇ ನಿಯಮ. ನಮ್ಮ ಎಂಟಡಿ ಬ್ಯಾನರಿಗೆ ಯಾರೂ ದೂರು ಕೊಡಲಿಲ್ಲ, ನಮ್ಮ ಪುಣ್ಯ. ಬಡವರಿಗೆ ಬಿಟ್ಟಿ ಕಾನೂನು ನೆರವು ಕೊಡುವುದು ವಕೀಲನ ದೊಡ್ಡ ಹೊಣೆ ಅಂತ ಅದೇ ನಿಯಮಗಳಲ್ಲಿ 46ನೆಯದು ಹೇಳುತ್ತದೆ, ಅದನ್ನು ಯಾರೂ ಬ್ಯಾನರಿಗೆ ಬರೆಸುವುದಿಲ್ಲ.

ದಿನ ಗೊತ್ತು ಮಾಡುವಾಗ ಕ್ಯಾಲೆಂಡರಿಗಿಂತ ಹೊಲ ನೋಡಿರಿ. ತೊಗರಿ ರಾಶಿ ನಡೆದಿರುವಾಗ ಯಾರೂ ಬರುವುದಿಲ್ಲ. ರಾಶಿ ಮುಗಿದು ಬಹಳ ದಿನ ಬಿಟ್ಟರೆ ಅರ್ಧ ತಾಂಡಾ ಮುಂಬೈ, ಪುಣೆಗೆ ದುಡಿಯಲು ಹೋಗಿರುತ್ತದೆ, ಮನೆಗಳಿಗೆ ಬೀಗ. ನಡುವೆ ಎರಡು ಮೂರು ವಾರ ಸಿಗುತ್ತವೆ, ಅವನ್ನು ಹಿಡಿಯಬೇಕು. ಹಲವು ಊರುಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಜನ ಮನೆಯಲ್ಲೇ ಸಿಗುತ್ತಾರೆ. ಆದರೆ ಸೋಮವಾರ ನಮಗೆ ಕೋರ್ಟು. ಹಾಗಾಗಿ ಭಾನುವಾರ, ಬಿಸಿಲೇರುವ ಮೊದಲು.

ಊರಿನ ದೊಡ್ಡವರ ಅಂಗಳದಲ್ಲಿ ಕೂರಬೇಡಿರಿ. ಅವರ ಮೇಲೇ ತಕರಾರು ಇದ್ದವರು ಆ ಅಂಗಳ ತುಳಿಯುವುದಿಲ್ಲ. ಅಂಗನವಾಡಿ ಒಳ್ಳೆಯದು. ಹೆಂಗಸರಿಗೆ ಒಳಗೆ ಬೇರೆ ಮೇಜು ಹಾಕಿ, ಅಲ್ಲಿ ಹೆಣ್ಣು ವಕೀಲರನ್ನೇ ಕೂರಿಸಿರಿ. ಮನೆಯವರು ಯಾರೇ ಆಗಲಿ, ತರ್ಜುಮೆಗೆ ಬೇಡವೇ ಬೇಡ. "ನೀ ಹೊರಗ ಚಹಾ ಕುಡಿಯಪ್ಪಾ, ನಿಮ್ಮವ್ವನ ಕೂಡ ಒಂದೀಟು ಮಾತಾಡ್ತೀವಿ" ಅಂದರೆ ಸಾಕು, ಹೊರಗೆ ಹೋಗುತ್ತಾರೆ. ಹೋಗಲು ಒಲ್ಲೆ ಅಂದವನ ಮೇಲೆ ಒಂದು ಕಣ್ಣಿಡಿರಿ.

ಎಂಟು ದಿನ ಮೊದಲೇ ಆಶಾ ಕಾರ್ಯಕರ್ತೆಯರಿಂದ ಹೇಳಿ ಕಳಿಸಿರಿ: ಆಧಾರ್, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಪಹಣಿ, ಮರಣ ಪ್ರಮಾಣಪತ್ರ ತರಬೇಕು. ಹೆಬ್ಬೆಟ್ಟಿಗೆ ಇಂಕ್ ಪ್ಯಾಡು, ಒರೆಸಿಕೊಳ್ಳಲು ಬಟ್ಟೆ ನಿಮ್ಮ ಚೀಲದಲ್ಲಿರಲಿ. 2023ರ ಜನವರಿಯಲ್ಲಿ ಪ್ರಧಾನಿ ಮಳಖೇಡಕ್ಕೆ ಬಂದು ತಾಂಡಾದವರಿಗೆ ಹಕ್ಕುಪತ್ರ ಕೊಟ್ಟರಲ್ಲ, ಬಹಳ ಜನ ಅದನ್ನೇ ತರುತ್ತಾರೆ. ಅದು ಮನೆ ಜಾಗದ್ದು, ಹೊಲದ್ದಲ್ಲ ಅಂತ ಬಿಡಿಸಿ ಹೇಳುವುದರಲ್ಲೇ ಅರ್ಧ ತಾಸು ಹೋಗುತ್ತದೆ. ಹೋಗಲಿ.

ಶಿಬಿರದಲ್ಲಿ ಸಿಕ್ಕವರ ಕೇಸನ್ನು ಫೀಸು ತೆಗೆದುಕೊಂಡು ನಡೆಸಬೇಡಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರು ಸಿಗುತ್ತಾರೆ. ಅರ್ಜಿ ಅಲ್ಲೇ ಬರೆದು, ಪ್ರಾಧಿಕಾರಕ್ಕೆ ಮುಟ್ಟಿಸುವ ತನಕ ಕೆಲಸ ನಿಮ್ಮದು. 15100 ಸಹಾಯವಾಣಿ ನಂಬರನ್ನು ಪಾಂಪ್ಲೆಟ್ಟಿನಲ್ಲಿ ಕೊಟ್ಟರೆ ಹಾರಿಹೋಗುತ್ತದೆ. ನಾವು ಅಂಗನವಾಡಿ ಗೋಡೆಗೆ ಪೇಂಟಿನಲ್ಲಿ ಬರೆಸುತ್ತೇವೆ.

ಭಾನುವಾರ ದುಡಿದ ಜೂನಿಯರ್‌ಗೆ ವಾರದೊಳಗೆ ಒಂದು ದಿನ ರಜೆ ಕೊಡಿರಿ. ಪೆಟ್ರೋಲಿನ ದುಡ್ಡೂ ಆಫೀಸಿಂದಲೇ. ಸೇವೆ ಅನ್ನುವ ಹೆಸರಿನಲ್ಲಿ ಅವರ ಜೇಬಿಗೆ ಕೈ ಹಾಕಬಾರದು. ರಿಜಿಸ್ಟರಿನಲ್ಲಿ ಈಗ ನಾವು ಎರಡು ಕಾಲಂ ಹೆಚ್ಚಿಗೆ ಎಳೆದಿದ್ದೇವೆ: ಯಾವ ಭಾಷೆಯಲ್ಲಿ ಹೇಳಿದರು, ತರ್ಜುಮೆ ಯಾರು ಮಾಡಿದರು. ಪ್ರತಿ ತಿಂಗಳ ಮೊದಲ ಶನಿವಾರ ಸಂಜೆ ಅದನ್ನು ತೆರೆದು, ಯಾವ ಅರ್ಜಿ ಎಲ್ಲಿ ನಿಂತಿದೆ ನೋಡುತ್ತೇವೆ. ಎಷ್ಟು ಶಿಬಿರ ಆದವು ಅಂತ ಲೆಕ್ಕ ಇಡುವುದಿಲ್ಲ.

ಮುದುಕಿಯ ಪರವಾಗಿ ಭೂ ಕಂದಾಯ ಕಾಯ್ದೆಯ 136(2)ರಡಿ ಸಹಾಯಕ ಆಯುಕ್ತರ ಮುಂದೆ ಮೇಲ್ಮನವಿ ಹಾಕಿದ್ದೇವೆ, ಜೊತೆಗೆ ತಡವಾದದ್ದಕ್ಕೆ ಮನ್ನಾ ಕೇಳುವ ಅರ್ಜಿ. ಉಯಿಲು ಬರೆಯದೆ ಸತ್ತವನ ಹೆಂಡತಿಯೂ ಮೊದಲ ದರ್ಜೆಯ ವಾರಸುದಾರಳೇ. ವಾದ ಮಾಡುತ್ತಿರುವವಳು ಅದೇ ಹುಡುಗಿ. ಪೇಶಿಯ (ವಿಚಾರಣೆಯ) ದಿನ ತಾಯಿ ಮಗ ಇಬ್ಬರೂ ಒಂದೇ ಟಂಟಂನಲ್ಲಿ ಬಂದಿಳಿಯುತ್ತಾರೆ. ಇಬ್ಬರ ಚಾರ್ಜೂ ಮಗನೇ ಕೊಡುತ್ತಾನೆ.