ಹಳೇ ಸಿಮೆಂಟ್ ಶೀಟ್ ಇಳಿಸುವಾಗ ಶ್ವಾಸಕೋಶ ಕಾಯ್ದುಕೊಳ್ಳುವುದು

ಚಾವಣಿಯ ಹಳೇ ಸಿಮೆಂಟ್ ಶೀಟಿನಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿರುತ್ತದೆ. ಶೀಟ್ ಸುಮ್ಮನೆ ಕೂತಿದ್ದರೆ ಅಪಾಯ ಕಡಿಮೆ. ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೇರುತ್ತವೆ. ಶ್ವಾಸಕೋಶದ ಆಳಕ್ಕಿಳಿದ ಎಳೆ ಕರಗುವುದು ಕಷ್ಟ. ಕಾಯಿಲೆ ಕಾಣಿಸಿಕೊಳ್ಳಲು 10ರಿಂದ 40 ವರ್ಷ ಬೇಕು. ಹಾಗಾಗಿಯೇ ಯಾರೂ ಹೆದರುವುದಿಲ್ಲ.

ಮೊದಲು ಶೀಟನ್ನು ಚೆನ್ನಾಗಿ ನೆನೆಸಿ. ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಸ್ಪ್ರೇಯರ್‌ನಿಂದ ಮೆಲ್ಲಗೆ ಹೊಡೆಯಿರಿ. ಪ್ರೆಶರ್ ವಾಷರ್ ಬೇಡವೇ ಬೇಡ, ಅದು ಎಳೆಗಳನ್ನೇ ಕೆರೆದು ಎಬ್ಬಿಸುತ್ತದೆ. ಶೀಟನ್ನು ಬಿಗಿದಿರುವ ಕೊಕ್ಕೆಯಾಕಾರದ ಜೆ ಬೋಲ್ಟ್ ತುಕ್ಕು ಹಿಡಿದು ಬಿಚ್ಚದಿದ್ದರೆ ಶೀಟಿಗೆ ಸುತ್ತಿಗೆ ಹಾಕಬೇಡಿ, ಬೋಲ್ಟ್ ಕಟರ್‌ನಿಂದ ಬೋಲ್ಟನ್ನೇ ಕತ್ತರಿಸಿ. ಆ್ಯಂಗಲ್ ಗ್ರೈಂಡರ್ ಮುಟ್ಟಲೇಬೇಡಿ. ಶೀಟಿನ ಮೇಲೆ ಕಾಲಿಟ್ಟರೆ ಮುರಿದು ಕೆಳಗೆ ಬೀಳುತ್ತೀರಿ. ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತು, ಇಡೀ ಶೀಟನ್ನು ಇಬ್ಬರು ಹಿಡಿದು ಇಳಿಸಿ.

ಕರ್ಚೀಫು, ಸರ್ಜಿಕಲ್ ಮಾಸ್ಕ್ ಇಲ್ಲಿ ಏನೂ ತಡೆಯವು. ಅತಿ ಸಣ್ಣ ಕಣಗಳನ್ನೂ ತಡೆಯುವ ಪಿ100 ಫಿಲ್ಟರಿನ ರೆಸ್ಪಿರೇಟರ್ (ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್) ಬೇಕು. ಗಡ್ಡವಿದ್ದರೆ ಅಂಚು ಕೂರದೆ ಗಾಳಿ ಪಕ್ಕದಿಂದ ನುಗ್ಗುತ್ತದೆ.

ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆ, ಚೂರುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ, ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿ ಕೊಡಿ. ಕೆಲಸದ ಬಟ್ಟೆ ಮನೆಗೆ ಹೋಗಬಾರದು: ಅದನ್ನು ಕೊಡವಿ ಒಗೆದವರಿಗೂ ಮೆಸೋಥೆಲಿಯೋಮಾ, ಅಂದರೆ ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್, ಬಂದದ್ದಿದೆ.

ವರ್ಷಗಟ್ಟಲೆ ಈ ಕೆಲಸ ಮಾಡಿದವರು ಬೀಡಿ, ಸಿಗರೇಟು ಬಿಡಲೇಬೇಕು. ಕಲ್ನಾರು, ಹೊಗೆ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹಲವು ಪಟ್ಟು. ಮೆಟ್ಟಿಲು ಹತ್ತುವಾಗ ಏದುಸಿರು, ಬಿಡದ ಒಣಕೆಮ್ಮು ಇದ್ದರೆ ವೈದ್ಯರಿಗೆ ಮೊದಲು ಕೆಲಸದ ಇತಿಹಾಸ ಹೇಳಿ, ಎಕ್ಸ್‌ರೇ ಜೊತೆ ಸ್ಪೈರೋಮೆಟ್ರಿ (ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸಿ. ಆಸ್ಬೆಸ್ಟೋಸಿಸ್, ಅಂದರೆ ಕಲ್ನಾರಿನ ಎಳೆಗಳಿಂದ ಶ್ವಾಸಕೋಶ ಗಟ್ಟಿಯಾಗುವುದು, ಕಾನೂನಿನಡಿ ವರದಿ ಮಾಡಬೇಕಾದ ಕಾಯಿಲೆ. ಪರಿಹಾರ ಕೇಳಲು ಹಳೇ ಸಂಬಳದ ಚೀಟಿ, ಇಎಸ್‌ಐ ಕಾರ್ಡ್ ಎತ್ತಿಟ್ಟುಕೊಳ್ಳಿ.