ತೈಲ ಕಂಪನಿಯ ಸಸ್ಟೈನಬಿಲಿಟಿ ರಿಪೋರ್ಟ್ ಓದುವುದು ಹೇಗೆ? ಹಿಂದಿನ ಪುಟದಿಂದ!

ಮುಖಪುಟದಲ್ಲಿ ಹಸಿರು ಎಲೆ, ಒಳಗೆ ಸಸಿ ನೆಡುತ್ತಿರುವ ಮಕ್ಕಳು, ಆಮೇಲೆ ಅಧ್ಯಕ್ಷರ ಉದ್ದದ ಪತ್ರ. ಪರಿಸರಕ್ಕೆ, ಸಮಾಜಕ್ಕೆ ತಾವೇನು ಮಾಡಿದೆವು ಎಂದು ತೈಲ ಕಂಪನಿಗಳು ಕೊಡುವ ಸಸ್ಟೈನಬಿಲಿಟಿ ರಿಪೋರ್ಟ್ ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ. ಅದನ್ನೆಲ್ಲ ಬಿಡಿ. ಪಿಡಿಎಫ್ ತೆರೆದು ಸೀದಾ ಕೊನೆಯ ಪುಟಗಳಿಗೆ ಹೋಗಿ. ಅಂಕಿಅಂಶಗಳ ಪಟ್ಟಿ ಅಲ್ಲಿರುತ್ತದೆ, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅಡಿಟಿಪ್ಪಣಿಗಳಿರುತ್ತವೆ. ಏನನ್ನು ಲೆಕ್ಕಕ್ಕೆ ಸೇರಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ ಅನ್ನುವುದು ಗೊತ್ತಾಗುವುದು ಅಲ್ಲೇ.

ಇಂಡಿಯನ್ ಆಯಿಲ್, ಬಿಪಿಸಿಎಲ್, ಒಎನ್‌ಜಿಸಿ, ನಮ್ಮ ಮಂಗಳೂರಿನ ಎಂಆರ್‌ಪಿಎಲ್, ಹೀಗೆ ನಮ್ಮ ದೇಶದ ಕಂಪನಿಯಾದರೆ ಕೆಲಸ ಇನ್ನೂ ಸುಲಭ. ಮಾರುಕಟ್ಟೆ ಮೌಲ್ಯದಲ್ಲಿ ಷೇರುಪೇಟೆಯ ಮೊದಲ 1000 ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆಯ ವರದಿ ಕೊಡಲೇಬೇಕು ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಹಾಗಾಗಿ ಒಬ್ಬರ ಉತ್ತರದ ಪಕ್ಕ ಇನ್ನೊಬ್ಬರದ್ದು ಇಟ್ಟು ನೋಡಬಹುದು. ಅದರಲ್ಲಿರುವ ಒಂಬತ್ತು ತತ್ವಗಳಲ್ಲಿ ಪರಿಸರದ್ದು ಆರನೆಯದು. ‘ಪ್ರಿನ್ಸಿಪಲ್ 6’ ಎಂದು ಹುಡುಕಿದರೆ ಸಾಕು.

ಮೊದಲು ನೋಡಬೇಕಾದ್ದು ಸ್ಕೋಪ್ 3. ಹೊಗೆಯನ್ನು (ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು) ಮೂರು ಸ್ಕೋಪ್ ಮಾಡಿ ಲೆಕ್ಕ ಹಾಕುತ್ತಾರೆ. ಕಂಪನಿ ತನ್ನ ಬಾವಿಯಲ್ಲಿ, ರಿಫೈನರಿಯಲ್ಲಿ ತಾನೇ ಸುಟ್ಟು ಬಿಟ್ಟ ಹೊಗೆ ಸ್ಕೋಪ್ 1. ಹೊರಗಿನಿಂದ ಕೊಂಡ ಕರೆಂಟಿನ ಹಿಂದಿನ ಹೊಗೆ ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3, ಅದರಲ್ಲೂ ಮುಖ್ಯವಾದದ್ದು 11ನೇ ವರ್ಗ, ಅಂದರೆ ಮಾರಿದ ಸರಕನ್ನು ಗಿರಾಕಿ ಬಳಸಿದಾಗ ಆಗುವ ಹೊಗೆ. ನೀವು ಬಂಕಿನಲ್ಲಿ ಹಾಕಿಸಿಕೊಂಡ ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ದೊಡ್ಡ ತೈಲ ಕಂಪನಿಯ ಒಟ್ಟು ಲೆಕ್ಕದಲ್ಲಿ ಸಾಮಾನ್ಯವಾಗಿ ಶೇ 80ರಿಂದ 90ರಷ್ಟು ಇಲ್ಲೇ ಇರುವುದು. ಆದರೆ ಬಿಆರ್‌ಎಸ್‌ಆರ್‌ನಲ್ಲಿ ಸ್ಕೋಪ್ 1, 2 ಮಾತ್ರ ಕಡ್ಡಾಯದ ಭಾಗದಲ್ಲಿವೆ. ಸ್ಕೋಪ್ 3 ಇರುವುದು ‘ಲೀಡರ್‌ಶಿಪ್’ ಭಾಗದಲ್ಲಿ, ಮನಸ್ಸಿದ್ದರೆ ಕೊಡಬಹುದು.

ಈಗ ನೆಟ್ ಝೀರೋ, ಅಂದರೆ ಬಿಟ್ಟ ಹೊಗೆ ಮತ್ತು ಹೀರಿಕೊಂಡ ಹೊಗೆ ಸರಿಸಮವಾಗಿ ನಿವ್ವಳ ಸೊನ್ನೆ ಆಗುವ ವರ್ಷದ ಘೋಷಣೆಗಳನ್ನು ಓದಿ ನೋಡಿ. ಒಎನ್‌ಜಿಸಿ 2038, ಇಂಡಿಯನ್ ಆಯಿಲ್ 2046, ಅಮೆರಿಕದ ಎಕ್ಸಾನ್‌ಮೊಬಿಲ್ 2050. ಮೂರೂ ತಮ್ಮ ಸ್ವಂತ ಕಾರ್ಯಾಚರಣೆಯ ಹೊಗೆಗೆ ಇಟ್ಟುಕೊಂಡ ಗುರಿಗಳು, ಮಾರಿದ ಎಣ್ಣೆಗಲ್ಲ. ಬೀಡಿ ಕಂಪನಿಯೊಂದು ‘ನಮ್ಮ ಆವರಣದಲ್ಲಿ ಧೂಮಪಾನ ನಿಷೇಧ’ ಎಂದು ಬೋರ್ಡು ಹಾಕಿದ ಹಾಗೆ. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ ಅಲ್ವಾ?

ಎರಡನೆಯದು, ನನ್ನನ್ನೂ ಒಮ್ಮೆ ಏಮಾರಿಸಿದ್ದು: ಇಂಟೆನ್ಸಿಟಿ. ಬಿಆರ್‌ಎಸ್‌ಆರ್ ಒಂದು ರೂಪಾಯಿ ವಹಿವಾಟಿಗೆ ಎಷ್ಟು ಹೊಗೆ ಎಂದು ಕೇಳುತ್ತದೆ. ತೈಲ ಕಂಪನಿಯ ವಹಿವಾಟು ಕಚ್ಚಾತೈಲದ ಬೆಲೆಯ ಜೊತೆ ಏರಿಳಿಯುತ್ತದೆ. ಉದಾಹರಣೆಗೆ ಒಂದು ರಿಫೈನರಿ 100 ಕೋಟಿ ವಹಿವಾಟಿಗೆ 100 ಟನ್ ಹೊಗೆ ಬಿಟ್ಟಿತು ಅಂದುಕೊಳ್ಳಿ. ಮರುವರ್ಷ ಬೆಲೆ ಏರಿ ವಹಿವಾಟು 130 ಕೋಟಿ ಆಯಿತು, ಹೊಗೆ ಮಾತ್ರ ಅಷ್ಟೇ. ಯಾರೂ ಒಂದು ವಾಲ್ವ್ ಕೂಡ ತಿರುಗಿಸದೆ ಇಂಟೆನ್ಸಿಟಿ ಶೇ 23ರಷ್ಟು ಇಳಿದುಬಿಟ್ಟಿತು! ಉಕ್ರೇನ್ ಯುದ್ಧದಿಂದ ಬೆಲೆ ಜಿಗಿದ 2022ರ ಆಸುಪಾಸಿನ ಅಂಕಿಗಳನ್ನು ಓದುವಾಗ ಇದು ತಲೆಯಲ್ಲಿರಲಿ. ಒಟ್ಟು ಎಷ್ಟು ಟನ್ ಎಂಬ ಸಾಲನ್ನೇ ಬರೆದುಕೊಳ್ಳಿ. ಒಂದು ಟನ್ ಕಚ್ಚಾತೈಲ ಸಂಸ್ಕರಿಸಲು ಎಷ್ಟು ಹೊಗೆ ಎಂದು ಕೊಟ್ಟಿದ್ದರೆ ಅದನ್ನೂ ಬರೆದುಕೊಳ್ಳಿ.

ಆಮೇಲೆ ಬೇಲಿ ಎಲ್ಲಿ ಹಾಕಿದ್ದಾರೆ ನೋಡಿ. ತಾವೇ ನಡೆಸುವ ಘಟಕಗಳು ಮಾತ್ರವೋ, ಪಾಲು ಇರುವ ಕಡೆಯದ್ದೂ ಸೇರಿದೆಯೋ? ಬ್ರಿಟನ್ನಿನ ಬಿಪಿ ಕಂಪನಿ 2020ರಲ್ಲಿ ತೈಲ, ಅನಿಲ ಉತ್ಪಾದನೆಯನ್ನು 2030ರೊಳಗೆ ಶೇ 40ರಷ್ಟು ಇಳಿಸುತ್ತೇವೆ ಎಂದಾಗ ರಷ್ಯಾದ ತೈಲ ಕಂಪನಿ ರಾಸ್‌ನೆಫ್ಟ್‌ನಲ್ಲಿದ್ದ ಶೇ 19.75ರ ಪಾಲು ಆ ಲೆಕ್ಕದಲ್ಲಿ ಇರಲಿಲ್ಲ. ಆಸ್ತಿ ಮಾರಿದರೂ ಅಷ್ಟೇ. ಶೆಲ್ 2021ರಲ್ಲಿ ಅಮೆರಿಕದ ಪರ್ಮಿಯನ್ ಬಾವಿಗಳನ್ನು 950 ಕೋಟಿ ಡಾಲರಿಗೆ ಕೊನೊಕೊಫಿಲಿಪ್ಸ್‌ಗೆ ಮಾರಿತು. ಶೆಲ್‌ನ ಪುಸ್ತಕದಲ್ಲಿ ಹೊಗೆ ಇಳಿಯಿತು, ಬಾವಿಗಳು ಮಾತ್ರ ಇದ್ದಲ್ಲೇ ಇವೆ.

ಒಂದೇ ವರ್ಷದ ವರದಿ ಓದಿದರೆ ಏನೂ ಗೊತ್ತಾಗುವುದಿಲ್ಲ. ಐದು ವರ್ಷದ್ದು ಇಳಿಸಿಟ್ಟುಕೊಂಡು ಗುರಿಯ ವಾಕ್ಯವನ್ನು ಮಾತ್ರ ಒಂದರ ಕೆಳಗೊಂದು ಬರೆಯಿರಿ. ಬಿಪಿಯ ಆ 40, 2023ರಲ್ಲಿ 25 ಆಯಿತು. 2025ರ ಫೆಬ್ರುವರಿಯಲ್ಲಿ ತೈಲ, ಅನಿಲಕ್ಕೇ ಜಾಸ್ತಿ ಹಣ ಹಾಕುತ್ತೇವೆ ಎಂದರು. ಶೆಲ್ 2024ರಲ್ಲಿ ತನ್ನ 2030ರ ಇಂಟೆನ್ಸಿಟಿ ಗುರಿಯನ್ನು (ಇಲ್ಲಿ ರೂಪಾಯಿಗಲ್ಲ, ಮಾರಿದ ಶಕ್ತಿಯ ಪ್ರತಿ ಘಟಕಕ್ಕೆ ಎಷ್ಟು ಹೊಗೆ ಎಂಬ ಲೆಕ್ಕ) ಶೇ 20ರಿಂದ ‘ಶೇ 15ರಿಂದ 20’ ಎಂದು ಸಡಿಲಿಸಿತು, 2035ರ ಶೇ 45ರ ಗುರಿಯನ್ನು ಕೈಬಿಟ್ಟಿತು.

ಬಾವಿ, ಪೈಪುಗಳಿಂದ ಸೋರುವ ಮೀಥೇನ್ ಅನಿಲದ ವಿಷಯದಲ್ಲಿ ಒಂದೇ ಪ್ರಶ್ನೆ ಸಾಕು: ಅಳೆದಿದ್ದೋ, ಅಂದಾಜೋ? 20 ವರ್ಷದ ಲೆಕ್ಕದಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಮೀಥೇನ್ ಲೆಕ್ಕ ಕೊಡಲು ವಿಶ್ವಸಂಸ್ಥೆ ಬೆಂಬಲದ ಒಜಿಎಂಪಿ 2.0 ಎಂಬ ಚೌಕಟ್ಟಿನಲ್ಲಿ ಐದು ಹಂತಗಳಿವೆ, ಐದನೆಯದೇ ಅತ್ಯುತ್ತಮ. ಕಂಪನಿ ಯಾವ ಹಂತದಲ್ಲಿದೆ ಹುಡುಕಿ. ಫ್ಲೇರಿಂಗ್, ಅಂದರೆ ಬೇಡದ ಅನಿಲವನ್ನು ಅಲ್ಲೇ ಉರಿಸಿಬಿಡುವುದರ ಬಗ್ಗೆ ಹೇಳುವಾಗ ‘ರೊಟೀನ್’ ಎಂಬ ಪದ ಇದ್ದರೆ, ತುರ್ತು ಸಮಯದಲ್ಲಿ ಉರಿಸಿದ ಅನಿಲ ಅದರಲ್ಲಿ ಸೇರಿಲ್ಲ ಎಂದರ್ಥ.

ನೀರಿನ ಪುಟವನ್ನು ಕರಾವಳಿಯವರು ಬಿಡಬೇಡಿ. 2019ರ ಬೇಸಿಗೆಯಲ್ಲಿ ನೇತ್ರಾವತಿಯ ನೀರು ಸಾಲದೆ ಎಂಆರ್‌ಪಿಎಲ್ ಕೆಲವು ಘಟಕಗಳನ್ನು ನಿಲ್ಲಿಸಬೇಕಾಗಿತ್ತು. ಆಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು. ಬಿಆರ್‌ಎಸ್‌ಆರ್‌ನಲ್ಲಿ ನದಿ, ಅಂತರ್ಜಲ, ಸಮುದ್ರ ಎಂದು ನೀರಿನ ಮೂಲಗಳಿಗೆ ಬೇರೆ ಬೇರೆ ಸಾಲುಗಳಿವೆ. ನದಿಯ ಸಾಲು ನಿಜಕ್ಕೂ ಇಳಿದಿದೆಯಾ ಎಂದು ವರ್ಷದಿಂದ ವರ್ಷಕ್ಕೆ ನೋಡಬಹುದು.

ಲೆಕ್ಕ ತಾಳೆಯಾಗದಿದ್ದರೆ ಸುಮ್ನೆ ಬಿಡಬೇಡಿ. ನಿಮ್ಮ ಹತ್ತಿರ ಆ ಕಂಪನಿಯ ಒಂದೇ ಒಂದು ಷೇರಿದ್ದರೂ ವಾರ್ಷಿಕ ಸಭೆಗೆ ಹೆಸರು ಕೊಟ್ಟು ಮಾತಾಡಬಹುದು. ಕೊಡುವ ಸಮಯ ಕಡಿಮೆ, ಆದ್ದರಿಂದ ಪುಟದ ಸಂಖ್ಯೆ ಹೇಳಿ, ಸ್ಕೋಪ್ 3 ಎಲ್ಲಿ ಎಂದು ಕೇಳಿಬಿಡಿ.